ಹಳೇ ಫೋಟೋ ಓದುವುದು: ಮೊದಲು ಬೆನ್ನು, ಆಮೇಲೆ ಮುಖ

ಅಟ್ಟದ ಟ್ರಂಕಿನಲ್ಲಿ ಹಳೇ ಫೋಟೋ ಸಿಕ್ಕ ತಕ್ಷಣ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ "ಇವರು ಯಾರು?" ಅದನ್ನು ಕೊನೆಗಿಡಿ. ಮುಖ, ಮೀಸೆ, ಪೇಟ ನೋಡಿ ಕಾಲ ಹೇಳಹೊರಟರೆ ಇಪ್ಪತ್ತು ಮೂವತ್ತು ವರ್ಷ ಆಚೀಚೆ ಆಗುವುದು ಮಾಮೂಲು. ಕಾಗದ, ರಟ್ಟು, ಅಂಚು, ಹಿಂಬದಿಯ ಮುದ್ರೆ ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ. ಮೊದಲು ವಸ್ತು, ಆಮೇಲೆ ಚಿತ್ರ.

ಬೇಕಾಗುವುದು ಇಷ್ಟೇ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ (ವಾಚು ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದಾದರೂ ಸರಿ), ಮೊಬೈಲ್ ಟಾರ್ಚು, ಮಿಲಿಮೀಟರ್ ಗುರುತಿರುವ ಸ್ಕೇಲು, ಮೆತ್ತನೆಯ 2ಬಿ ಪೆನ್ಸಿಲು. ಕೈಗೆ ಸೋಪು ಹಾಕಿ ತೊಳೆದು ಚೆನ್ನಾಗಿ ಒಣಗಿಸಿಕೊಂಡು, ಫೋಟೋವನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಹತ್ತಿಯ ಕೈಗವಸು ಬೇಡ. ಅದರಲ್ಲಿ ಹಿಡಿತ ಸಿಗುವುದಿಲ್ಲ, ಬಿರುಕುಬಿಟ್ಟ ಅಂಚಿಗೆ ಅದರ ನೂಲು ಸಿಕ್ಕಿ ಚೂರು ಕಿತ್ತುಬರುತ್ತದೆ.

ಫೋಟೋನೋ, ಅಚ್ಚೋ?

ಗೋಡೆಯ ಮೇಲಿರುವ "ಹಳೇ ಫೋಟೋ"ಗಳಲ್ಲಿ ಎಷ್ಟೋ ಫೋಟೋಗಳೇ ಅಲ್ಲ, ಅಚ್ಚಾದ ಚಿತ್ರಗಳು. ಭೂತಗನ್ನಡಿ ಹಿಡಿದು ಕೆನ್ನೆ, ಆಕಾಶದಂಥ ನಡುಬಣ್ಣದ ಜಾಗ ನೋಡಿ. ಸಾಲಾಗಿ ಜೋಡಿಸಿದ ಚುಕ್ಕೆ ಕಂಡರೆ ಅದು ಹಾಫ್‌ಟೋನ್ ಅಚ್ಚು, ಪತ್ರಿಕೆಯಿಂದಲೋ ಕ್ಯಾಲೆಂಡರಿನಿಂದಲೋ ಕತ್ತರಿಸಿದ್ದು. ಹುಳು ಹರಿದಾಡಿದ ಹಾಗೆ ಅಡ್ಡಾದಿಡ್ಡಿ ಸಣ್ಣ ಸುಕ್ಕು ಕಂಡರೆ ಕೊಲೋಟೈಪ್ (collotype) ಎಂಬ ಅಚ್ಚು. ಇಪ್ಪತ್ತನೇ ಶತಮಾನದ ಆರಂಭದ ಎಷ್ಟೋ ಚಿತ್ರ ಪೋಸ್ಟ್‌ಕಾರ್ಡುಗಳು ಹೀಗೆ ಅಚ್ಚಾದವು. ಬರೀ ಗೆರೆಗಳಿಂದಲೇ ನೆರಳು ಮೂಡಿದ್ದರೆ ಕೆತ್ತನೆಯ ಅಚ್ಚು. ನಿಜವಾದ ಫೋಟೋದಲ್ಲಿ ಚುಕ್ಕೆಯೂ ಇಲ್ಲ, ಗೆರೆಯೂ ಇಲ್ಲ. ಬಣ್ಣ ಹೊಗೆಯಂತೆ ಕರಗಿಹೋಗಿರುತ್ತದೆ.

ದೇವರ ಮನೆಯ ಹಳೇ ಲಕ್ಷ್ಮಿ, ಸರಸ್ವತಿ ಪಟಗಳು ಹೆಚ್ಚಾಗಿ ಕಲ್ಲಚ್ಚಿನವು. ಕ್ಯಾನ್ವಾಸಿನಂತೆ ಮೇಲ್ಮೈ ಉಬ್ಬುತಗ್ಗಾಗಿದ್ದರೆ ಓಲಿಯೋಗ್ರಾಫ್ ಅನ್ನುತ್ತಾರೆ. ಪಟದ ಕೆಳಗಿನ ಬಿಳಿ ಅಂಚನ್ನು ಕಟ್ಟು ಹಾಕುವವರು ಕತ್ತರಿಸಿರದಿದ್ದರೆ ನಿಮ್ಮ ಅದೃಷ್ಟ. ಮುದ್ರಣಾಲಯದ ಹೆಸರು ಇರುವುದು ಅಲ್ಲೇ. ರವಿವರ್ಮ ಪ್ರೆಸ್ 1894ರಲ್ಲಿ ಮುಂಬೈಯಲ್ಲಿ ಶುರುವಾಗಿ, ಆಮೇಲೆ ಲೋಣಾವಳಾ ಕಡೆಗೆ ಹೋಯಿತು. ಅಂಚಿನಲ್ಲಿ "ಕಾರ್ಲಾ-ಲೋಣಾವಳಾ" ಎಂದಿದ್ದರೆ ಅದು ಸ್ಥಳ ಬದಲಾದ ನಂತರದ ಪ್ರತಿ.

ಕಾಗದದ ಲೆಕ್ಕ

ಫೋಟೋ ಎಂದು ಖಾತ್ರಿಯಾಯಿತೇ? ಈಗ ಬಿಳಿ ಭಾಗದ ಮೇಲೆ ಭೂತಗನ್ನಡಿ ಇಡಿ. ಚಿತ್ರದ ಅಡಿಯಲ್ಲಿ ಕಾಗದದ ನಾರು ಕಾಣುತ್ತಿದ್ದು, ಬಣ್ಣ ಕಂದು ಅಥವಾ ನೇರಳೆಗಂದು, ಬಿಳಿಯೆಲ್ಲ ಹಳದಿಗೆ ತಿರುಗಿದ್ದರೆ ಅದು ಹೆಚ್ಚುಕಡಿಮೆ ಆಲ್ಬುಮೆನ್ ಪ್ರಿಂಟ್, ಅಂದರೆ ಮೊಟ್ಟೆಯ ಬಿಳಿಲೋಳೆ ಸವರಿದ ಕಾಗದ. 1850ರಲ್ಲಿ ಬಂದ ಈ ಬಗೆ ಸುಮಾರು 1895ರವರೆಗೆ ಎಲ್ಲೆಡೆ ನಡೆಯಿತು. ಕಾಗದ ತೀರಾ ತೆಳು, ಬಿಟ್ಟರೆ ಸುರುಳಿ ಸುತ್ತುತ್ತದೆ. ಹಾಗಾಗಿಯೇ ರಟ್ಟಿಗೆ ಅಂಟಿಸುತ್ತಿದ್ದರು.

ನಾರು ಕಾಣದೆ ಬಿಳಿ ನುಣುಪಾಗಿ, ಕಪ್ಪು ನಿಜವಾದ ಕಪ್ಪಾಗಿ ಇದ್ದರೆ ಜೆಲಟಿನ್ ಸಿಲ್ವರ್, ಅಂದರೆ ಬೆಳ್ಳಿಯ ಕಣಗಳನ್ನು ಜೆಲಟಿನ್ ಎಂಬ ಅಂಟಿನಲ್ಲಿ ಹಿಡಿದಿಟ್ಟ ಕಾಗದ. ಕಾಗದಕ್ಕೂ ಚಿತ್ರಕ್ಕೂ ನಡುವೆ ಬೆರೈಟಾ ಎಂಬ ಬಿಳಿ ಪದರವಿರುವುದರಿಂದ ನಾರು ಮುಚ್ಚಿಹೋಗಿರುತ್ತದೆ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಕಪ್ಪು ಜಾಗದ ಅಂಚಿನಲ್ಲಿ ನೀಲಿಬೆರೆತ ಬೆಳ್ಳಿ ಹೊಳಪು ಕಂಡರೆ ಅದು ಕಾಗದದೊಳಗಿನ ಬೆಳ್ಳಿಯೇ ಮೇಲೆದ್ದು ಬಂದಿರುವುದು. ಕೊಳೆ ಎಂದು ಒರೆಸಬೇಡಿ. ಅದೇ ಓರೆ ಬೆಳಕಿನಲ್ಲಿ ರಟ್ಟಿನ ಮೂಲೆಯಲ್ಲಿ ಸ್ಟುಡಿಯೋದ ಉಬ್ಬು ಮುದ್ರೆಯೂ ಕಾಣಬಹುದು. ಎದುರು ಬೆಳಕಿನಲ್ಲಿ ಅದು ಕಣ್ಣಿಗೇ ಬೀಳುವುದಿಲ್ಲ.

ರಟ್ಟನ್ನು ಅಳೆಯಿರಿ. ಸುಮಾರು 64 × 100 ಮಿ.ಮೀ. ಇದ್ದರೆ ಕಾರ್ಟ್ ದ ವಿಸೀಟ್, ಅಂದರೆ ವಿಸಿಟಿಂಗ್ ಕಾರ್ಡಿನಂಥ ಪುಟ್ಟ ರಟ್ಟಿನ ಫೋಟೋ. ಇದಕ್ಕೆ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಸಿಕ್ಕಿದ್ದು 1854ರಲ್ಲಿ. ಸುಮಾರು 108 × 165 ಮಿ.ಮೀ. ಇದ್ದರೆ 1866ರ ಸುಮಾರಿಗೆ ಬಂದ ಕ್ಯಾಬಿನೆಟ್ ಕಾರ್ಡು. ಕತ್ತರಿಯಲ್ಲಿ ಅಲೆಯಲೆಯಾಗಿ ಕತ್ತರಿಸಿದಂಥ ಅಂಚು ಹೆಚ್ಚಾಗಿ 1930ರಿಂದ 60ರ ದಶಕದವರೆಗಿನದು. ಎರಡೂಕಾಲು ಇಂಚಿನ ಚೌಕದ ಪುಟ್ಟ ಫೋಟೋ ಕಂಡರೆ ಅದು ಅಗ್ಫಾ ಕ್ಲಿಕ್ 3ರಂಥ ಡಬ್ಬಿ ಕ್ಯಾಮೆರಾದ್ದು. 120 ಫಿಲ್ಮಿನಲ್ಲಿ ಹನ್ನೆರಡು ಚಿತ್ರ, ದೊಡ್ಡದು ಮಾಡಿಸದೆ ನೆಗೆಟಿವ್‌ನಷ್ಟೇ ಗಾತ್ರಕ್ಕೆ ಪ್ರಿಂಟು. ಹಿಂಬದಿ ಪ್ಲಾಸ್ಟಿಕ್‌ನಂತೆ ಜಾರಿದರೆ 1970ರ ದಶಕ ಅಥವಾ ಈಚೆಗೆ.

ಹಿಂಬದಿ ಹೇಳುವ ತಾರೀಖು

ಸ್ಟುಡಿಯೋ ಮುದ್ರೆಯ ವಿಳಾಸದಲ್ಲಿ "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಧಾರವಾಡ, ಬೆಳಗಾವಿಯ ಸ್ಟುಡಿಯೋ ತನ್ನನ್ನು ಮುಂಬೈ ಪ್ರಾಂತ್ಯದ್ದೆಂದು ಹೇಳಿಕೊಂಡಿದ್ದರೆ 1956ರ ಏಕೀಕರಣಕ್ಕೆ ಮೊದಲು. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು, ಅದಕ್ಕೆ ಮುಂಚೆ "ಬೆಂಗಳೂರು-2" ಎಂದು ಬರೆಯುತ್ತಿದ್ದರು. ಪೆನ್ಸಿಲಿನಲ್ಲಿ ಬಾಕಿ ಹಣ ಆಣೆಯಲ್ಲಿ ಗೀಚಿದ್ದರೆ 1957ರ ಏಪ್ರಿಲ್‌ಗಿಂತ ಮೊದಲು, "ನಯಾ ಪೈಸೆ" ಇದ್ದರೆ 1957ರಿಂದ 64ರ ನಡುವೆ.

ಇಲ್ಲೊಂದು ಹುಷಾರು. ರಬ್ಬರ್ ಸ್ಟಾಂಪು ಮಾಡಿಸಿದ ಸ್ಟುಡಿಯೋದವನು ಅದು ಸವೆಯುವ ತನಕ ಬಳಸುತ್ತಾನೆ. ರಾಜ್ಯದ ಹೆಸರು ಬದಲಾಯಿತೆಂದು ಮಾರನೇ ದಿನವೇ ಹೊಸದು ಮಾಡಿಸುವುದಿಲ್ಲ. ಆದ್ದರಿಂದ ಹೊಸ ಗುರುತು ಇದ್ದರೆ "ಇದಕ್ಕಿಂತ ಹಿಂದಿನದಲ್ಲ" ಎಂದು ಗಟ್ಟಿಯಾಗಿ ಹೇಳಬಹುದು. ಹಳೇ ಗುರುತು ಇದ್ದರೆ ಐದಾರು ವರ್ಷ ಸಡಿಲ ಬಿಡಿ. ಪೋಸ್ಟ್‌ಕಾರ್ಡಿನದೂ ಇದೇ ಕಥೆ. ಹಿಂಬದಿಯನ್ನು ನಡುವೆ ಗೆರೆ ಎಳೆದು ಒಂದು ಕಡೆ ವಿಳಾಸ, ಇನ್ನೊಂದು ಕಡೆ ಒಕ್ಕಣೆ ಎಂದು ಮಾಡಿದ್ದು ಬ್ರಿಟನ್ನಿನಲ್ಲಿ 1902ರಲ್ಲಿ, ಅಮೆರಿಕದಲ್ಲಿ 1907ರಲ್ಲಿ. ಆದರೆ ಅಂಚೆ ಮುದ್ರೆ ಹೇಳುವುದು ಕಾರ್ಡು ಹಾಕಿದ ದಿನವನ್ನು, ಚಿತ್ರ ತೆಗೆದ ದಿನವನ್ನಲ್ಲ. ಒಂದೇ ಚಿತ್ರ ವರ್ಷಗಟ್ಟಲೆ ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು.

ಇನ್ನು ಚಿತ್ರದೊಳಗೆ

ಚಿತ್ರದಲ್ಲಿ ಅತಿ ಹೊಸ ವಸ್ತು ಯಾವುದೋ ಅದಕ್ಕಿಂತ ಫೋಟೋ ಹಳೆಯದಾಗಿರಲು ಸಾಧ್ಯವಿಲ್ಲ. ವಿದ್ಯುತ್ ಕಂಬ, ಕಾರಿನ ಮಾದರಿ, ಸಿನಿಮಾ ಪೋಸ್ಟರು, ಅಂಗಡಿಯ ಬೋರ್ಡು ಹುಡುಕಿ. ಬಟ್ಟೆಯಿಂದ ಕಾಲ ಹೇಳುವುದಾದರೆ ಅಜ್ಜ ಅಜ್ಜಿಯನ್ನು ಬಿಟ್ಟು ಗುಂಪಿನ ಅತಿ ಕಿರಿಯ ಹೆಣ್ಣುಮಗಳ ಕುಪ್ಪಸದ ತೋಳು, ಜಡೆ, ಹುಡುಗರ ಕ್ರಾಪು ನೋಡಿ. ಹಿರಿಯರು ತಮ್ಮ ಪ್ರಾಯದ ಉಡುಪನ್ನು ಕೊನೆಯವರೆಗೂ ಬಿಡುವುದಿಲ್ಲ. ಸ್ಟುಡಿಯೋದೊಳಗಿನ ಸಾಮಾನನ್ನಂತೂ ನಂಬಲೇಬೇಡಿ. ಬೆತ್ತದ ಕುರ್ಚಿ, ಕಂಬ, ಗಡಿಯಾರ, ಕೈಯಲ್ಲಿನ ದಪ್ಪ ಪುಸ್ತಕ, ಕೆಲವೊಮ್ಮೆ ಕೋಟು ಕೂಡ ಸ್ಟುಡಿಯೋದ್ದೇ.

ಎಲ್ಲಕ್ಕಿಂತ ಹೆಚ್ಚು ಜನ ಮೋಸಹೋಗುವುದು ಬಣ್ಣದಲ್ಲಿ. ಹಳೆಯ ಗಾಜಿನ ಪ್ಲೇಟುಗಳಿಗೆ ನೀಲಿ ಮಾತ್ರ ಚೆನ್ನಾಗಿ ತಾಗುತ್ತಿತ್ತು, ಕೆಂಪು ತಾಗುತ್ತಲೇ ಇರಲಿಲ್ಲ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಪ್ಲೇಟು 1906ರಲ್ಲಿ ಮಾರುಕಟ್ಟೆಗೆ ಬಂದರೂ, ಕೆಂಪು ದೀಪದಡಿ ಆರಾಮಾಗಿ ತೊಳೆಯಬಹುದೆಂದು ಸ್ಟುಡಿಯೋಗಳು ಹಳೆಯ ಬಗೆಯನ್ನು ಬಹಳ ಕಾಲ ಬಿಡಲಿಲ್ಲ. ಇದರ ಪರಿಣಾಮ ನೋಡಿ: ಕೆಂಪು ಧಾರೆ ಸೀರೆ ಕಪ್ಪಾಗಿ ಬರುತ್ತದೆ. ತಿಳಿನೀಲಿ ಸೀರೆ ಬೆಳ್ಳಗೆ ಬರುತ್ತದೆ. ಮುಖದ ಬಣ್ಣ ಇರುವುದಕ್ಕಿಂತ ಕಪ್ಪಾಗಿ, ಹಣೆಯ ಕುಂಕುಮ ಆ ಕಪ್ಪಿನಲ್ಲೇ ಕರಗಿಹೋಗಬಹುದು. ಬಿಳಿ ಸೀರೆ, ಬರೀ ಹಣೆ ಎಂದು ಮುತ್ತಜ್ಜಿಯನ್ನು ವಿಧವೆ ಮಾಡುವ ಮುಂಚೆ ತಾಳಿ, ಬಳೆ, ಕಾಲುಂಗುರ ಹುಡುಕಿ. ಆಕಾಶ ಮೋಡವೇ ಇಲ್ಲದೆ ಖಾಲಿ ಬಿಳಿಯಾಗಿರುವುದಕ್ಕೂ ಇದೇ ಕಾರಣ.

ಚಿತ್ರ ಎಡಬಲ ತಿರುಗಿದೆಯೇ ಎಂದೂ ನೋಡಿ. ನೆಗೆಟಿವ್ ಮಗುಚಿ ಪ್ರಿಂಟು ಹಾಕಿರುವುದುಂಟು. ಬೋರ್ಡಿನ ಅಕ್ಷರ ಇದ್ದರೆ ಪತ್ತೆ ಸುಲಭ. ಇಲ್ಲದಿದ್ದರೆ ಗಂಡಸರ ಅಂಗಿಯ ಗುಂಡಿ ಅವರ ಬಲಭಾಗದ ಅಂಚಿನಲ್ಲಿರಬೇಕು, ಜನಿವಾರ ಎಡ ಹೆಗಲ ಮೇಲಿರಬೇಕು (ಶ್ರಾದ್ಧದ ಅಪಸವ್ಯದಲ್ಲಿ ಯಾರೂ ಫೋಟೋಗೆ ನಿಲ್ಲುವುದಿಲ್ಲ ಎಂದುಕೊಳ್ಳೋಣ). ಸೆರಗನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ. ಕೊಡಗಿನ ಉಡುಗೆಯಲ್ಲಿ ಅದು ಬಲ ಹೆಗಲಿಗೇ ಬರುತ್ತದೆ.

ಊರು, ಗುಡಿ, ಬೀದಿಯ ಚಿತ್ರವಾದರೆ ಯಾರು ಯಾತಕ್ಕೆ ಮಾಡಿದ್ದು ಎಂದು ಕೇಳಿ. ಸಾವನದುರ್ಗ, ನಂದಿದುರ್ಗ, ಶ್ರೀರಂಗಪಟ್ಟಣದ ಪ್ರಸಿದ್ಧ ಅಚ್ಚುಚಿತ್ರಗಳ ಮೂಲ 1791-92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದವರು ಬರೆದದ್ದು. ಅವರಲ್ಲೊಬ್ಬನಾದ ಚಿತ್ರಕಾರ ರಾಬರ್ಟ್ ಹೋಮನ ಸಂಪುಟ ಲಂಡನ್ನಿನಲ್ಲಿ 1794ರಲ್ಲಿ ಬಂತು. ಅವರ ಕಣ್ಣು ಬಂಡೆ, ಕೋಟೆಗೋಡೆ, ದಾಳಿಯ ದಾರಿಯ ಮೇಲಿತ್ತು. ಹಳ್ಳಿಯ ಬದುಕನ್ನು ಅಲ್ಲಿ ಹುಡುಕಿದರೆ ಮೂಲೆಯಲ್ಲಿ ಅಲಂಕಾರಕ್ಕೆ ನಿಲ್ಲಿಸಿದ ಎರಡು ಗೊಂಬೆ ಸಿಕ್ಕೀತು.

ಅದೇ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ ಹಂಪಿಯ ಫೋಟೋಗಳನ್ನು ನೋಡಿ. 50 ರೂಪಾಯಿ ನೋಟಿನ ಹಿಂದಿರುವ ವಿಠ್ಠಲ ಗುಡಿಯ ಕಲ್ಲಿನ ರಥಕ್ಕೆ ಅಂದು ತಲೆಯ ಮೇಲೆ ಇಟ್ಟಿಗೆಯ ಶಿಖರವಿತ್ತು, ಇಂದು ಅದಿಲ್ಲ. ಈ ಫೋಟೋಗಳ ಬೀದಿಯಲ್ಲಿ ಜನ ಕಾಣದಿದ್ದರೆ ಹಂಪಿ ನಿರ್ಜನವಾಗಿತ್ತೆಂದು ತಿಳಿಯಬೇಡಿ. ಆ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು, ನಡೆದುಹೋದವರು ಅದರ ಮೇಲೆ ಮೂಡುವುದೇ ಇಲ್ಲ.

ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ 1983ರಲ್ಲಿ ಮತ್ತೆ ಫೋಟೋ ತೆಗೆದರು. ನಿಮ್ಮೂರಿನ ಹಳೇ ಚಿತ್ರಕ್ಕೂ ಇದನ್ನು ಮಾಡಬಹುದು. ಚಿತ್ರದಲ್ಲಿ ಹತ್ತಿರದ ಒಂದು ಕಂಬ, ಅದರ ಹಿಂದೆ ದೂರದ ಒಂದು ಬಂಡೆಯನ್ನು ಗುರುತಿಟ್ಟುಕೊಳ್ಳಿ. ಸ್ಥಳದಲ್ಲಿ ನಿಂತಾಗ ಕಂಬ ಚಿತ್ರದಲ್ಲಿರುವುದಕ್ಕಿಂತ ಬಂಡೆಯ ಎಡಕ್ಕೆ ಸರಿದಂತೆ ಕಂಡರೆ ನೀವು ಬಲಕ್ಕೆ ಹೋಗಿದ್ದೀರಿ. ಎಡಕ್ಕೆ ಹೆಜ್ಜೆ ಹಾಕಿ. ಇಂಥ ಎರಡು ಜೋಡಿ ಒಟ್ಟಿಗೆ ಹೊಂದಿದ ಕಡೆ ಹಳೆಯ ಕ್ಯಾಮೆರಾ ನಿಂತಿತ್ತು. ಜೂಮ್ ಮಾಡಿ ಹೊಂದಿಸಲು ಹೋಗಬೇಡಿ, ಅದರಿಂದ ಗಾತ್ರ ಬದಲಾಗುತ್ತದೆಯೇ ಹೊರತು ಸಾಲು ಕೂಡುವುದಿಲ್ಲ.

ಗೋಡೆಯ ಮೇಲಿನ ಅಜ್ಜ

ಹಾರ ಹಾಕಿದ ದೊಡ್ಡ ಕಟ್ಟಿನ ಫೋಟೋ ಬಹುತೇಕ ಮೂಲವಲ್ಲ. ಯಾವುದೋ ಗುಂಪು ಫೋಟೋದಿಂದ ತಲೆ ಎತ್ತಿ, ದೊಡ್ಡದು ಮಾಡಿ, ಬ್ರಷ್ಷಿನಲ್ಲಿ ಕಣ್ಣು, ಮೀಸೆ, ಕೋಟು ತಿದ್ದಿದ್ದು. ಭೂತಗನ್ನಡಿಯಲ್ಲಿ ಹುಬ್ಬಿನ ಬ್ರಷ್ ಗೆರೆ ಕಾಣುತ್ತದೆ. ಹಳೆಯ ಫೋಟೋದ ಮಡಿಕೆಯ ಗೆರೆ ಚಿತ್ರದಲ್ಲಿದ್ದು ಕಾಗದದ ಮೇಲೆ ಕೈಗೆ ಸಿಗದಿದ್ದರೆ ಅದು ಪ್ರತಿಯೇ. ಆ ಕಾಗದದ ಕಾಲ ಅಜ್ಜನ ಕಾಲವಲ್ಲ. ಮೂಲ ಗುಂಪು ಫೋಟೋ ಯಾವ ಮನೆಯಲ್ಲಿದೆ ಎಂದು ಹುಡುಕಿ.

ಕಟ್ಟು ಬಿಚ್ಚಿದಾಗ ಫೋಟೋ ಗಾಜಿಗೆ ಅಂಟಿದ್ದರೆ ಅಲ್ಲಿಗೇ ನಿಲ್ಲಿ. ಮಳೆಗಾಲದ ತೇವಕ್ಕೆ ಜೆಲಟಿನ್ ಮೆತ್ತಗಾಗಿ ಗಾಜು ಹಿಡಿದಿರುತ್ತದೆ. ಎಳೆದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಬಣ್ಣ ತಿದ್ದಿದ ಫೋಟೋವನ್ನು ನೀರಿಗೆ ಹಾಕಿದರೆ ತಿದ್ದಿದ್ದೆಲ್ಲ ಕರಗಿಹೋಗುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿ ಹಾಗೇ ಇಡಿ. ಅಂಟು ಹಾಳೆಯ ಆಲ್ಬಮ್ಮಿನಿಂದ ಬಿಡಿಸಲು ಮೇಣವಿಲ್ಲದ ಡೆಂಟಲ್ ಫ್ಲಾಸ್ ಮೂಲೆಯಡಿ ತೂರಿಸಿ ಗರಗಸದಂತೆ ನಿಧಾನ ಎಳೆಯಿರಿ. ಫೋಟೋ ಬಾಗಿಸಬಾರದು, ಬಾಗುವುದಿದ್ದರೆ ಹಾಳೆ ಬಾಗಲಿ.

ಸ್ಕ್ಯಾನು, ಹೆಸರು

4 × 6 ಇಂಚಿನ ಫೋಟೋಗೆ 600 ಪಿಪಿಐ (ಇಂಚಿಗೆ 600 ಪಿಕ್ಸೆಲ್), ಎರಡೂಕಾಲು ಇಂಚಿನದಕ್ಕೆ 1200. ಕಪ್ಪುಬಿಳುಪಾದರೂ 24 ಬಿಟ್ ಕಲರ್‌ನಲ್ಲೇ ಮಾಡಿ, ಹಳದಿ ಕಲೆಯೂ ಮಾಹಿತಿಯೇ. 4 × 6 ಇಂಚಿಗೆ ಟಿಫ್ ಫೈಲು ಸುಮಾರು 26 ಎಂಬಿ ಆಗುತ್ತದೆ. ಹಿಂಬದಿಯನ್ನೂ ಬಿಡದೆ ಸ್ಕ್ಯಾನ್ ಮಾಡಿ. ಮೊಬೈಲ್ ಆ್ಯಪುಗಳಲ್ಲಿ ಮುಖ "ಸ್ಪಷ್ಟ" ಮಾಡಿಸಿದ ಪ್ರತಿಯನ್ನು ಮೂಲದ ಜಾಗದಲ್ಲಿ ಇಡಬೇಡಿ. ಅದು ಇಲ್ಲದ ರೆಪ್ಪೆ, ಹಲ್ಲುಗಳನ್ನು ಊಹಿಸಿ ಬರೆಯುತ್ತದೆ. ನೆಂಟರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲವಾದರೆ ಅದು ಕುಗ್ಗಿಸಿಬಿಡುತ್ತದೆ.

"ಯಾರು?" ಎಂಬ ಪ್ರಶ್ನೆಗೆ ಈಗ ಬನ್ನಿ. ಗುಂಪು ಫೋಟೋದ ಪ್ರತಿಯ ಮೇಲೆ ಬೆಣ್ಣೆ ಕಾಗದವಿಟ್ಟು ತಲೆಗಳ ಆಕಾರ ಎಳೆದು ನಂಬರು ಹಾಕಿ. ಮನೆಯ ಹಿರಿಯರ ಮುಂದೆ ಇಟ್ಟು "ಇದು ಯಾವ ಮನೆಯ ಜಗುಲಿ? ಆ ಸರ ಈಗ ಯಾರ ಹತ್ತಿರ ಇದೆ?" ಎಂದು ಕೇಳಿ. ಮುಖ ಮರೆತವರಿಗೂ ಜಗುಲಿ, ಸರ ನೆನಪಿರುತ್ತವೆ, ಅವುಗಳ ಹಿಂದೆಯೇ ಹೆಸರು ಬರುತ್ತದೆ. ಇಬ್ಬರನ್ನು ಒಟ್ಟಿಗೆ ಕೂರಿಸಬೇಡಿ, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ತಲೆಯಾಡಿಸುತ್ತಾರೆ. ಬೇರೆಬೇರೆಯಾಗಿ ಕೇಳಿ, ಹೊಂದದಿದ್ದರೆ ಎರಡನ್ನೂ ಬರೆದಿಡಿ, ಯಾರು ಹೇಳಿದ್ದು ಎಂಬುದರ ಸಮೇತ. ಫೋಟೋದ ಹಿಂದೆ ಬರೆಯುವುದಾದರೆ ಗಟ್ಟಿ ನೆಲದ ಮೇಲೆ ಮಗುಚಿಟ್ಟು, ಅಂಚಿನಲ್ಲಿ, 2ಬಿ ಪೆನ್ಸಿಲಿನಿಂದ ಹಗುರವಾಗಿ. ಬಾಲ್ ಪೆನ್ನಿನ ಒತ್ತು ಮುಂಬದಿಯಲ್ಲಿ ಉಬ್ಬುತ್ತದೆ. ಪ್ಲಾಸ್ಟಿಕ್ ಬೆನ್ನಿನ ಫೋಟೋಗೆ ಪೆನ್ಸಿಲು ಹತ್ತುವುದಿಲ್ಲ. ಅದರ ವಿವರವನ್ನು ಕಾಗದದ ಲಕೋಟೆಯ ಮೇಲೆ ಮೊದಲೇ ಬರೆದು, ಆಮೇಲೆ ಫೋಟೋ ಒಳಗಿಡಿ.