ಪೆಟ್ರೋಲ್‌ಗೂ ಗ್ಯಾಸ್‌ಗೂ ಓಡುವ ಬೂಮ್ ಲಿಫ್ಟ್ ಕೈಕೊಟ್ಟಾಗ ನಾನು ಹುಡುಕುವ ದಾರಿ

ಬೂಮ್ ಲಿಫ್ಟ್ ಅಂದರೆ ಉದ್ದ ತೋಳಿನ ತುದಿಯ ಬಕೆಟ್ಟಿನಲ್ಲಿ ಜನರನ್ನು ಎತ್ತರಕ್ಕೆ ಒಯ್ಯುವ ಮಷೀನು. ಎರಡು ಇಂಧನಕ್ಕೂ ಓಡುವ, ಅಂದರೆ ಡ್ಯುಯಲ್ ಫ್ಯೂಯಲ್ ಬೂಮ್ ಲಿಫ್ಟ್ ನಿಂತುಹೋಗಿದೆ ಅಂತ ಫೋನ್ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಇನ್ನೊಂದು ಫ್ಯೂಯಲ್‌ನಲ್ಲಿ ಓಡುತ್ತಾ? ಬಹಳಷ್ಟು ಜನ ಇದನ್ನು ನೋಡಿಯೇ ಇರುವುದಿಲ್ಲ. ಮಷೀನಿನ ಸ್ವಿಚ್ ಅಲ್ಲೇ ಇರುತ್ತದೆ, ಒಂದು ಕಡೆ ಪೆಟ್ರೋಲ್, ಇನ್ನೊಂದು ಕಡೆ ಎಲ್‌ಪಿಜಿ. ಆ ಒಂದು ಸ್ವಿಚ್ಚಿನಷ್ಟು ಒಳ್ಳೆಯ ಟೆಸ್ಟಿಂಗ್ ಉಪಕರಣ ನನ್ನ ಟೂಲ್ ಬಾಕ್ಸಿನಲ್ಲಿ ಇನ್ನೊಂದಿಲ್ಲ.

ಲೆಕ್ಕ ಸರಳ. ಎರಡಕ್ಕೂ ಎಂಜಿನ್ ಒಂದೇ, ಪ್ಲಗ್ ಒಂದೇ, ಕಾಯಿಲ್ ಒಂದೇ, ಗಾಳಿಯ ದಾರಿ ಒಂದೇ, ಥ್ರಾಟಲ್ ಒಂದೇ. ಬೇರೆ ಇರುವುದು ಇಂಧನ ಬರುವ ದಾರಿ ಮಾತ್ರ. ಎರಡರಲ್ಲೂ ಒಂದೇ ಥರ ಕೆಮ್ಮಿದರೆ ಫ್ಯೂಯಲ್ ಲೈನ್ ಬಿಚ್ಚುವುದು ದಂಡ. ಒಂದರಲ್ಲಿ ಚೆನ್ನಾಗಿ ಓಡಿ ಇನ್ನೊಂದರಲ್ಲಿ ಸತ್ತರೆ, ಅರ್ಧ ಮಷೀನನ್ನು ಆಗಲೇ ಪಟ್ಟಿಯಿಂದ ತೆಗೆದ ಹಾಗೆ.

ನಾನು ಈಗ ಕೆನಡಾದ ಒಂಟಾರಿಯೋದಲ್ಲಿ, ಟೊರೊಂಟೊ ಪಕ್ಕದ ಒಂದು ರೆಂಟಲ್ ಯಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಗ್ಯಾಸ್ ಆಟೋಗಳ ರಿಪೇರಿ ಮಾಡುತ್ತಿದ್ದೆ. ನಮ್ಮ ಕಡೆ ಬೂಮ್ ಲಿಫ್ಟ್ ಅಂದರೆ ಹೆಚ್ಚಾಗಿ ಡೀಸೆಲ್, ಇಲ್ಲದಿದ್ದರೆ ಬ್ಯಾಟರಿ. ಇಲ್ಲಿ ಪೆಟ್ರೋಲ್-ಪ್ರೊಪೇನ್ ಎರಡೂ ಇರುವ ಮಷೀನುಗಳು ಸಾಮಾನ್ಯ, ಫೋರ್ಡ್‌ನ 2.5 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್ ಇರುವಂಥವು. ಹೊರಗೆ ಪೆಟ್ರೋಲ್, ಅರ್ಧ ಕಟ್ಟಿದ ಕಟ್ಟಡದೊಳಗೆ ಪ್ರೊಪೇನ್ ಅನ್ನುವುದು ಉದ್ದೇಶ, ಯಾಕೆಂದರೆ ಸರಿಯಾಗಿ ಟ್ಯೂನ್ ಆದ ಎಂಜಿನ್ ಪ್ರೊಪೇನ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಕಡಿಮೆ ಬಿಡುತ್ತದೆ. ಕಡಿಮೆ ಅಷ್ಟೇ, ಇಲ್ಲ ಅಂತಲ್ಲ. ಗಾಳಿ ಆಡದ ಜಾಗದಲ್ಲಿ ಅದನ್ನೂ ಓಡಿಸಬಾರದು.

ಆಟೋ ಕೆಲಸ ಗೊತ್ತಿದ್ದವರಿಗೆ ಇಲ್ಲೊಂದು ವ್ಯತ್ಯಾಸ ಹೇಳಲೇಬೇಕು. ಊರಿನ ಆಟೋ ಎಲ್‌ಪಿಜಿಯಲ್ಲಿ ಪ್ರೊಪೇನ್ ಜೊತೆ ಬ್ಯುಟೇನ್ ಬೆರೆತಿರುತ್ತದೆ. ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಇಲ್ಲಿನ ಚಳಿಗೆ ಅದು ನಡೆಯಲ್ಲ. ಪ್ರೊಪೇನ್ ಕುದಿಯುವುದು -42 ಡಿಗ್ರಿಯಲ್ಲಿ, ಹಾಗಾಗಿ ಇಲ್ಲಿ ಸಿಗುವುದು ಹೆಚ್ಚುಕಡಿಮೆ ಪೂರ್ತಿ ಪ್ರೊಪೇನೇ. ಆದರೂ ಚಳಿ ತನ್ನ ಆಟ ಆಡುತ್ತದೆ. 20 ಡಿಗ್ರಿ ಬಿಸಿಲಲ್ಲಿ ಸಿಲಿಂಡರಿನೊಳಗೆ 100 ಪಿಎಸ್‌ಐಗಿಂತ ಸ್ವಲ್ಪ ಜಾಸ್ತಿ ಒತ್ತಡ ಇದ್ದರೆ, -20ರಲ್ಲಿ ಅದು 20 ಪಿಎಸ್‌ಐ ಹತ್ತಿರಕ್ಕೆ ಇಳಿಯುತ್ತದೆ. ಅದಕ್ಕೇ ಜನವರಿಯಲ್ಲಿ ಬೆಳಗ್ಗೆ ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಗ್ಯಾಸ್‌ಗೆ ಹಾಕಿ ಅಂತ ನಾನು ಪ್ರತಿ ಆಪರೇಟರಿಗೂ ಹೇಳುತ್ತೇನೆ.

ಈಗ ತುಂಬಾ ಸಲ ಬರುವ ದೂರು. "ಗ್ಯಾಸ್‌ನಲ್ಲಿ ಸ್ಟಾರ್ಟ್ ಆಗುತ್ತೆ, ಫುಟ್‌ಸ್ವಿಚ್ ಒತ್ತಿದ ತಕ್ಷಣ ಸಾಯುತ್ತೆ." ಬೂಮ್ ಲಿಫ್ಟ್ ಸುಮ್ನೆ ನಿಂತಾಗ ಎಂಜಿನ್ ಐಡಲ್‌ನಲ್ಲಿ ಇರುತ್ತದೆ. ಮೇಲೆ ಬಕೆಟ್ಟಿನಲ್ಲಿ ಇರುವವನು ಫುಟ್‌ಸ್ವಿಚ್ ತುಳಿದು ಜಾಯ್‌ಸ್ಟಿಕ್ ಎಳೆದಾಗ ಆರ್‌ಪಿಎಂ ಏರುತ್ತದೆ, ಹೈಡ್ರಾಲಿಕ್ ಪಂಪಿನ ಭಾರವೂ ಬೀಳುತ್ತದೆ. ಐಡಲ್‌ಗೆ ಸಾಕಾಗುವಷ್ಟು ಇಂಧನ ಬರುತ್ತಿದೆ, ಭಾರ ಬಿದ್ದಾಗ ಸಾಲುತ್ತಿಲ್ಲ ಅಂತ ಇದರ ಅರ್ಥ.

ಇದಕ್ಕೆ ರೆಗ್ಯುಲೇಟರ್ ಬದಲಿಸುವ ಮುಂಚೆ ಸಿಲಿಂಡರ್ ವಾಲ್ವ್ ಯಾರು ತೆಗೆದರು, ಹೇಗೆ ತೆಗೆದರು ಅಂತ ಕೇಳಿ. ಸಿಲಿಂಡರಿನ ಬಾಯಲ್ಲಿ ಎಕ್ಸೆಸ್ ಫ್ಲೋ ವಾಲ್ವ್ ಇರುತ್ತದೆ. ಹೋಸ್ ಕಿತ್ತುಹೋದರೆ ಗ್ಯಾಸ್ ಒಮ್ಮೆಲೇ ಹೊರಗೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಹೊಸ ಸಿಲಿಂಡರ್ ಹಾಕಿದಾಗ ಹೋಸ್ ಖಾಲಿ ಇರುತ್ತದೆ. ವಾಲ್ವನ್ನು ರಭಸದಿಂದ ತಿರುಗಿಸಿದರೆ ಗ್ಯಾಸ್ ಒಳಗೆ ನುಗ್ಗುತ್ತದೆ, ಪಾಪ ಆ ವಾಲ್ವ್ ಹೋಸ್ ಒಡೆದಿದೆ ಅಂದುಕೊಂಡು ಖಟ್ ಅಂತ ಮುಚ್ಚಿಕೊಳ್ಳುತ್ತದೆ. ಆಮೇಲೆ ಸಣ್ಣ ಸಂದಿಯಲ್ಲಿ ಚೂರು ಗ್ಯಾಸ್ ಮಾತ್ರ ಸೋರುತ್ತಾ ಬರುತ್ತದೆ. ಐಡಲ್‌ಗೆ ಅದು ಸಾಕು, ಕೆಲಸಕ್ಕೆ ಸಾಲದು. ವಾಲ್ವ್ ಪೂರ್ತಿ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ನಿಧಾನವಾಗಿ ಕಾಲು ಸುತ್ತು ತೆಗೆದು ಹೋಸ್ ತುಂಬಲು ಬಿಡಿ. ಆಮೇಲೆ ಪೂರ್ತಿ ತೆಗೆಯಿರಿ. ಒಂದು ಪೈಸೆ ಖರ್ಚಿಲ್ಲ. ಈ ಒಂದು ಮಾತನ್ನು ಫೋನಿನಲ್ಲೇ ಹೇಳಿ ಎಷ್ಟೋ ಸಲ ವ್ಯಾನ್ ಹತ್ತುವುದು ತಪ್ಪಿದೆ.

ಅಲ್ಲಿಗೂ ಸರಿಹೋಗದಿದ್ದರೆ ಮಂಜು ಎಲ್ಲಿ ಕಟ್ಟಿದೆ ಅಂತ ನೋಡುತ್ತೇನೆ. ಇದನ್ನು ಕಲಿತರೆ ಅರ್ಧ ವಿದ್ಯೆ ಬಂದ ಹಾಗೆ. ಈ ಸಿಲಿಂಡರುಗಳು ಅಡುಗೆಮನೆಯ ಸಿಲಿಂಡರಿನ ಥರ ಆವಿ ಕೊಡುವುದಿಲ್ಲ. ಒಳಗೆ ಬಾಗಿದ ಕೊಳವೆಯೊಂದು ತಳದ ದ್ರವದಲ್ಲಿ ಮುಳುಗಿರುತ್ತದೆ, ದ್ರವವೇ ಹೋಸಿಗೆ ಬರುತ್ತದೆ. ಅದು ಎಂಜಿನ್ ಹತ್ತಿರದ ವೇಪರೈಸರ್ ರೆಗ್ಯುಲೇಟರಿನಲ್ಲಿ ಆವಿಯಾಗಿ ಸುಮಾರು 270 ಪಟ್ಟು ಹಿಗ್ಗುತ್ತದೆ. ಆವಿಯಾಗುವುದಕ್ಕೆ ಬೇಕಾದ ಶಾಖವನ್ನು ಎಂಜಿನ್ನಿನ ಬಿಸಿ ಕೂಲೆಂಟ್ ಕೊಡುತ್ತದೆ. ಮದುವೆ ಮನೆಯಲ್ಲಿ ದೊಡ್ಡ ಒಲೆಗೆ ಹಾಕಿದ ಸಿಲಿಂಡರಿನ ಮೈಮೇಲೆ ಬೆವರು ಬಂದು, ಆಮೇಲೆ ತೆಳುವಾಗಿ ಮಂಜು ಕಟ್ಟುವುದನ್ನು ನೋಡಿರುತ್ತೀರಿ ಅಲ್ವಾ, ಅದೇ ಕಾರಣ ಇಲ್ಲೂ ಕೆಲಸ ಮಾಡುತ್ತದೆ.

ಹಾಗಾಗಿ ಮಂಜು ಸಿಲಿಂಡರಿನ ಮೈಮೇಲೆ ಕಟ್ಟಿದ್ದರೆ, ದ್ರವದ ಬದಲು ಆವಿ ಹೋಗುತ್ತಿದೆ ಅಂತ ಅರ್ಥ. ಹತ್ತಿರ ಹೋಗಿ ಅದರ ಕಾಲರ್, ಅಂದರೆ ವಾಲ್ವಿನ ಸುತ್ತ ಇರುವ ಲೋಹದ ಬಳೆ ನೋಡುತ್ತೇನೆ. ಕಾಲರಿನಲ್ಲಿ ಒಂದು ತೂತು ಇರುತ್ತದೆ, ಮಷೀನಿನ ಸ್ಟ್ಯಾಂಡಿನಲ್ಲಿ ಒಂದು ಪಿನ್. ಪಿನ್ ತೂತಿನಲ್ಲಿ ಕೂತರೆ ಮಲಗಿಸಿದ ಸಿಲಿಂಡರ್ ಸರಿಯಾದ ಕಡೆಗೆ ತಿರುಗಿರುತ್ತದೆ. ಪಿನ್ ಬಾಗಿದ್ದರೋ ಮುರಿದಿದ್ದರೋ ಸಿಲಿಂಡರನ್ನು ಹೇಗೆ ಬೇಕೋ ಹಾಗೆ ಬೆಲ್ಟ್ ಹಾಕಿ ಬಿಗಿದುಬಿಡುತ್ತಾರೆ. ಆಗ ಒಳಗಿನ ಕೊಳವೆ ದ್ರವದಿಂದ ಮೇಲೆ ಬರುತ್ತದೆ. ಸಿಲಿಂಡರ್ ತುಂಬಿದ್ದಾಗ ಸರಿಯಾಗಿ ಓಡಿ, ಅರ್ಧ ಆದ ಮೇಲೆ ತೊಂದರೆ ಶುರುವಾಗುತ್ತದೆ. ಜನ ಸಿಲಿಂಡರ್ ಖಾಲಿ ಅಂದುಕೊಳ್ಳುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹಾಗೆ ತಿರುಗಿದಾಗ ಸೇಫ್ಟಿ ರಿಲೀಫ್ ವಾಲ್ವ್ ದ್ರವದ ಕೆಳಗೆ ಬಂದಿರುತ್ತದೆ. ಅದು ತೆರೆದರೆ ಆವಿಯಲ್ಲ, ದ್ರವವೇ ಚಿಮ್ಮುತ್ತದೆ. ಪಿನ್ ಇಲ್ಲದ ಮಷೀನನ್ನು ನಾನು ಯಾರ್ಡಿನಿಂದ ಹೊರಗೆ ಬಿಡುವುದಿಲ್ಲ, ಗಿರಾಕಿ ಎಷ್ಟೇ ಅವಸರ ಮಾಡಲಿ.

ಮಂಜು ರೆಗ್ಯುಲೇಟರಿನ ಮೇಲೆ ಕಟ್ಟಿದ್ದರೆ ಕಥೆ ಬೇರೆ. ಹೋದ ಚಳಿಗಾಲದಲ್ಲಿ ನಡೆದದ್ದು ಹೇಳುತ್ತೇನೆ. ದಾವಣಗೆರೆಯ ಹುಡುಗನೊಬ್ಬ ನಮ್ಮಲ್ಲೇ ಹೊಸದಾಗಿ ಸೇರಿದ್ದ. ಗೋದಾಮೊಂದರ ಕೆಲಸದಲ್ಲಿದ್ದ ಮಷೀನ್ ನೋಡಲು ಹೋಗಿದ್ದವನು ಫೋನ್ ಮಾಡಿದ.

"ಅಣ್ಣಾ, ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ನಿಂತು ಹೋಗ್ತಿದೆ. ರೆಗ್ಯುಲೇಟರ್ ಹೊಸದು, ಮೊದಲು ಬಂದವರು ಹಾಕಿ ಹೋಗಿದ್ದಾರಂತೆ."

"ಪೆಟ್ರೋಲ್‌ನಲ್ಲಿ?"

"ಏನೂ ತೊಂದರೆ ಇಲ್ಲಣ್ಣ, ಜೋರಾಗೇ ಓಡುತ್ತೆ."

"ರೆಗ್ಯುಲೇಟರ್ ಮೇಲೆ ಬೆಳ್ಳಗಿದೆಯಾ ನೋಡು."

ಬೆಳ್ಳಗಿತ್ತು. ಹೊಸ ರೆಗ್ಯುಲೇಟರಿನ ಮೈತುಂಬಾ ಹಿಮ. ಅದಕ್ಕೆ ಬರುವ ಎರಡು ಕೂಲೆಂಟ್ ಹೋಸ್ ಮುಟ್ಟಿ ನೋಡಲು ಹೇಳಿದೆ. ಒಂದು ಕೈ ಇಡಲಾಗದಷ್ಟು ಬಿಸಿ, ಇನ್ನೊಂದು ತಣ್ಣಗೆ. ಅಂದರೆ ಬಿಸಿನೀರು ಬಾಗಿಲವರೆಗೆ ಬಂದಿದೆ, ಒಳಗೆ ಹರಿಯುತ್ತಿಲ್ಲ. ವಿಚಾರಿಸಿದಾಗ ಅದೇ ವಾರ ರೇಡಿಯೇಟರ್ ಹೋಸ್ ಬದಲಿಸಿದ್ದು ಗೊತ್ತಾಯಿತು. ಆ ಮಷೀನಿನಲ್ಲಿ ರೆಗ್ಯುಲೇಟರ್ ಕೂತಿರುವುದು ಕೂಲೆಂಟ್ ಹಾದಿಯಲ್ಲೇ ಎತ್ತರದ ಜಾಗದಲ್ಲಿ. ಕೂಲೆಂಟ್ ಮತ್ತೆ ತುಂಬಿದಾಗ ಗಾಳಿ ಹೋಗಿ ಅಲ್ಲೇ ಸಿಕ್ಕಿಕೊಂಡಿದೆ. ಎಂಜಿನ್ ತಣ್ಣಗಾದ ಮೇಲೆ ಆ ಮೇಲಿನ ಹೋಸಿನ ಕ್ಲಾಂಪ್ ಸಡಿಲಿಸಿ ಗಾಳಿ ಬಿಡಿಸಿ, ಕೂಲೆಂಟ್ ತುಂಬಿಸಿದ. ಎರಡೂ ಹೋಸ್ ಬಿಸಿಯಾದವು, ಹಿಮ ಕರಗಿತು, ಮಷೀನ್ ಮತ್ತೆ ನಿಲ್ಲಲಿಲ್ಲ. ತೆಗೆದು ಬಿಸಾಡಿದ್ದ ಹಳೆಯ ರೆಗ್ಯುಲೇಟರ್ ಬಹುಶಃ ಚೆನ್ನಾಗೇ ಇತ್ತು. ಆ ಪಾರ್ಟಿನ ಬೆಲೆ ಗೊತ್ತಿದ್ದವರಿಗೆ ನನ್ನ ಸಂಕಟ ಅರ್ಥವಾದೀತು.

ಮಂಜೂ ಇಲ್ಲ, ಗ್ಯಾಸೂ ಬರುತ್ತಿಲ್ಲ ಅಂದರೆ ಲಾಕ್‌ಆಫ್ ಸೊಲೆನಾಯ್ಡ್, ಅಂದರೆ ಗ್ಯಾಸ್ ದಾರಿಯನ್ನು ತೆರೆದು ಮುಚ್ಚುವ ಕರೆಂಟಿನ ವಾಲ್ವ್ ಕಡೆ ಹೋಗುತ್ತೇನೆ. ಎಂಜಿನ್ ತಿರುಗುತ್ತಿದೆ ಅಂತ ಅದರ ಕಂಪ್ಯೂಟರಿಗೆ (ಇಸಿಯು) ಗೊತ್ತಾಗುವವರೆಗೆ ಅದು ತೆರೆದೇ ಇರುವುದಿಲ್ಲ, ಸೇಫ್ಟಿಗಾಗಿ ಹಾಗೆ ಮಾಡಿದ್ದಾರೆ. ಆದ್ದರಿಂದ ಕೀ ಆನ್ ಮಾಡಿಟ್ಟು ಮೀಟರ್ ಹಿಡಿದು, ವೋಲ್ಟ್ ಇಲ್ಲ ಅಂತ ತೀರ್ಮಾನ ಮಾಡಬೇಡಿ. ಕ್ರ್ಯಾಂಕ್ ಮಾಡುವಾಗ ಅಳೆಯಿರಿ. ಅದರ ಜೊತೆಗಿರುವ ಫಿಲ್ಟರನ್ನೂ ನೋಡಿ. ಪ್ರೊಪೇನ್ ಜೊತೆ ಬರುವ ಎಣ್ಣೆಯಂಥ ಜಿಡ್ಡು ವರ್ಷಗಳಲ್ಲಿ ಫಿಲ್ಟರಿನಲ್ಲೂ ರೆಗ್ಯುಲೇಟರಿನಲ್ಲೂ ಸೇರಿಕೊಳ್ಳುತ್ತದೆ.

ಈ ಲೈನ್ ಬಿಚ್ಚುವಾಗ ಸಿಲಿಂಡರ್ ವಾಲ್ವ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಲೈನಿನ ಗ್ಯಾಸ್ ಸುಡಿಸುತ್ತೇನೆ. ಆದರೂ ಒಳಗೆ ಸ್ವಲ್ಪ ಉಳಿದಿರಬಹುದು. ಕೈಗೆ ದಪ್ಪ ಗ್ಲೌಸ್ ಬೇಕೇ ಬೇಕು, ದ್ರವ ಪ್ರೊಪೇನ್ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಆಗುತ್ತದೆ. ಕೆಲಸ ಬಯಲಲ್ಲೇ ಮಾಡಬೇಕು. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಗುಂಡಿಯಲ್ಲಿ, ಚರಂಡಿಯಲ್ಲಿ ಹೋಗಿ ಕೂರುತ್ತದೆ. ಬಿಚ್ಚಿದ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿಯೇ ಮುಗಿಸಬೇಕು. ಸಿಲಿಂಡರ್ ಕನೆಕ್ಟರಿನ ಒಳಗಿನ ರಬ್ಬರ್ ಓ-ರಿಂಗ್ ಸೀಳಿದೆಯಾ ಅಂತಲೂ ನೋಡಿ. ಒಂಟಾರಿಯೋದಲ್ಲಿ ಪ್ರೊಪೇನ್ ಕೆಲಸಕ್ಕೆ ಇಲ್ಲಿನ ತಾಂತ್ರಿಕ ಸುರಕ್ಷತಾ ಸಂಸ್ಥೆ ಟಿಎಸ್‌ಎಸ್‌ಎಯ ನಿಯಮಗಳಿವೆ, ತರಬೇತಿಯ ಪತ್ರ ಇಲ್ಲದವರು ಕೈ ಹಾಕುವಂತಿಲ್ಲ. ಅದು ಸರಿಯಾದ ನಿಯಮ.

ಪೆಟ್ರೋಲ್ ಕಡೆಯ ತೊಂದರೆಗೆ ಹೆಚ್ಚಿನ ಸಲ ಕಾರಣ ಉಪಯೋಗಿಸದೇ ಇರುವುದು. ಮಷೀನ್ ಕಟ್ಟಡದೊಳಗೆ ತಿಂಗಳುಗಟ್ಟಲೆ ಗ್ಯಾಸ್‌ನಲ್ಲೇ ಓಡಿರುತ್ತದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಕೊಳೆಯುತ್ತಿರುತ್ತದೆ. ಇಲ್ಲಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ, ಊರಲ್ಲೂ ಈಗ 20% ಬಂದಿದೆಯಲ್ಲ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಎಳೆಯುವುದು ತಳದಿಂದಲೇ! ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿ ಹಾಕಿ ಬೆಳಕಿಗೆ ಹಿಡಿಯುತ್ತೇನೆ. ಮೇಲೆ ಹಳದಿ ಪೆಟ್ರೋಲ್, ಕೆಳಗೆ ಮಬ್ಬು ನೀರು, ನಡುವೆ ಗೆರೆ ಹೊಡೆದ ಹಾಗೆ. ಆ ಗೆರೆ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ತೊಳೆಯದೆ ಬೇರೆ ದಾರಿ ಇಲ್ಲ. ಬಾಟಲಿಯಲ್ಲಿ ಹಾಕುವ ಮದ್ದುಗಳನ್ನು ನಾನು ನಂಬುವುದಿಲ್ಲ.

ಪೆಟ್ರೋಲ್ ಚೆನ್ನಾಗಿದ್ದೂ ಪ್ರೆಷರ್ ಕಡಿಮೆ ಬಂದರೆ ಪಂಪನ್ನು ಬೈಯುವ ಮುಂಚೆ ವೈರ್ ನೋಡಿ. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಲಾರಿ ಮೇಲೆ ಹೋಗುವ ಮಷೀನಿಗೆ ಆ ಉಪ್ಪುನೀರು ಹಾರಿ ಕನೆಕ್ಟರ್ ಪಿನ್ನುಗಳಲ್ಲಿ ಹಸಿರು ಪುಡಿ ಕಟ್ಟುತ್ತದೆ. ಕನೆಕ್ಟರ್ ಬಿಚ್ಚಿ ಅಳೆದರೆ 12 ವೋಲ್ಟ್ ಪೂರ್ತಿ ತೋರಿಸುತ್ತದೆ. ಜೋಡಿಸಿ, ಪಂಪ್ ಓಡುವಾಗ ಅಳೆದರೆ ವೋಲ್ಟ್ ಇಳಿದು ನಿಜ ಹೊರಗೆ ಬರುತ್ತದೆ. ಅರ್ತ್ ಕಡೆಯನ್ನೂ ಹಾಗೇ ಅಳೆಯಬೇಕು.

ಇನ್ನು ಒಂದು ಸೂಕ್ಷ್ಮ. ಪ್ರೊಪೇನ್ ಹೊತ್ತಿಸಲು ಪೆಟ್ರೋಲ್‌ಗಿಂತ ಜೋರಾದ ಕಿಡಿ ಬೇಕು. ಪ್ಲಗ್ ಸವೆದಿದ್ದರೆ, ಕಾಯಿಲ್ ಸೋತಿದ್ದರೆ ಪೆಟ್ರೋಲ್‌ನಲ್ಲಿ ಹೇಗೋ ನಡೆಯುತ್ತದೆ, ಗ್ಯಾಸ್‌ಗೆ ಹಾಕಿ ಭಾರ ಕೊಟ್ಟಾಗ ಮಿಸ್ ಹೊಡೆಯುತ್ತದೆ. ನಾನು ಮೊದಲು ಹೇಳಿದ ಲೆಕ್ಕ ಸ್ವಲ್ಪ ತಪ್ಪುವುದು ಇಲ್ಲಿ ಮಾತ್ರ. ಅದಕ್ಕೇ ಗ್ಯಾಸ್ ಲೈನಿಗೆ ಸ್ಪ್ಯಾನರ್ ಹಾಕುವ ಮುಂಚೆ ಒಂದು ಪ್ಲಗ್ ಬಿಚ್ಚಿ ಗ್ಯಾಪ್ ಅಳೆಯುವುದು ನನ್ನ ಪದ್ಧತಿ.

ರಿಪೇರಿ ಆದ ಮೇಲೆ ಐಡಲ್‌ನಲ್ಲಿ ಬಿಟ್ಟು ಸದ್ದು ಕೇಳಿ ಹೊರಡುವುದು ಸಾಲದು. ಎರಡೂ ಫ್ಯೂಯಲ್‌ನಲ್ಲಿ ಬೂಮ್ ಪೂರ್ತಿ ಎತ್ತಿ ಇಳಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸುತ್ತೇನೆ. ಓಡುತ್ತಿರುವಾಗಲೇ ಸ್ವಿಚ್ ಬದಲಿಸಿ ನಡುವೆ ಎಡವುತ್ತಾ ನೋಡುತ್ತೇನೆ. ಈ ಪರೀಕ್ಷೆ ಶುರು ಮಾಡುವ ಮುಂಚೆ ಎಂಜಿನ್ ಆಫ್ ಮಾಡಿ, ಬ್ಯಾಟರಿಯಿಂದ ನಡೆಯುವ ಆಕ್ಸಿಲರಿ ಪವರ್‌ನಲ್ಲಿ ಬೂಮ್ ಇಳಿಯುತ್ತಾ ಅಂತ ನೆಲದ ಕಂಟ್ರೋಲಿನಿಂದ ನೋಡಿರುತ್ತೇನೆ. ಮೇಲೆ ಮನುಷ್ಯ ಇರುವಾಗ ಇಂಧನ ಕೈಕೊಟ್ಟರೆ ಅವನನ್ನು ಕೆಳಗೆ ತರುವುದು ಅದೊಂದೇ. ಅದು ಕೆಲಸ ಮಾಡದಿದ್ದರೆ ಮಷೀನಿಗೆ ‘ಬಳಸಬೇಡಿ’ ಅನ್ನುವ ಕೆಂಪು ಟ್ಯಾಗ್ ಹಾಕುತ್ತೇನೆ, ಎಂಜಿನ್ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ.