ಬೂಷ್ಟು ಹಿಡಿದ ಕ್ಯಾಸೆಟ್‌ಗಳಿಂದ ಸಿನಿಮಾ ಬಿಡಿಸಿಕೊಂಡ ಬಗೆ

2010ರಲ್ಲಿ ನಮ್ಮ ಬೀದಿಯ ಗುಜರಿ ಅಂಗಡಿಗೆ ಬಂದಿದ್ದ ಎರಡು ಗೋಣಿಚೀಲ ವಿಡಿಯೋ ಕ್ಯಾಸೆಟ್‌ಗಳನ್ನು ತೂಕದ ಲೆಕ್ಕದಲ್ಲಿ ಕೊಂಡು ತಂದಾಗ ನನಗಿದ್ದ ಉತ್ಸಾಹ, ಮೊದಲನೆಯದನ್ನು ವಿಸಿಆರ್‌ಗೆ ಹಾಕಿದ ಹತ್ತು ನಿಮಿಷದಲ್ಲೇ ಇಳಿದುಹೋಯಿತು. ಪರದೆಯ ಮೇಲೆ ನುಚ್ಚಕ್ಕಿ ಚೆಲ್ಲಿದಂತೆ ಚುಕ್ಕೆಗಳು ಹರಡಿ, ನಾಯಕಿಯ ಮುಖ ಮರೆಯಾಗಿ, ಕೊನೆಗೆ ಧ್ವನಿಯೊಂದೇ ಉಳಿಯಿತು. ನಮ್ಮದು ಉಡುಪಿ. ಮಳೆಗಾಲದಲ್ಲಿ ಚಪ್ಪಲಿಗೂ ಸೊಂಟದ ಬೆಲ್ಟಿಗೂ ಬೂಷ್ಟು ಹಿಡಿಯುವ ಊರಿನಲ್ಲಿ, ವರ್ಷಗಟ್ಟಲೆ ಯಾರದೋ ಅಟ್ಟದಲ್ಲಿ ಬಿದ್ದಿದ್ದ ಟೇಪಿಗೆ ಅದು ಹಿಡಿಯದೆ ಇರುತ್ತದೆಯೇ ಎಂಬುದು ಆಗ ನನಗೆ ಹೊಳೆದಿರಲಿಲ್ಲ.

ಆ ವಿಸಿಆರ್ ದೊಡ್ಡಪ್ಪ 1980ರ ದಶಕದಲ್ಲಿ ದುಬೈನಿಂದ ತಂದದ್ದು. ಒಂದು ಕಾಲದಲ್ಲಿ ನೆಂಟರ ಮನೆಗಳ ಅಂಗಳದಲ್ಲಿ ಒಂದೇ ರಾತ್ರಿ ಮೂರು ಸಿನಿಮಾ ತೋರಿಸಿದ್ದ ಯಂತ್ರವನ್ನು ನಾನು ಒಂದು ಸಂಜೆಯಲ್ಲಿ ಕೆಡಿಸಿದ್ದೆ. ಅದರ ಮುಚ್ಚಳ ಬಿಚ್ಚಿ ನೋಡಿದ ಮೇಲೆ ವಿಷಯ ಅರ್ಥವಾಯಿತು. ಅರ್ಧ ಅಂಗುಲ ಅಗಲದ ಟೇಪನ್ನು ಯಂತ್ರವು ಕ್ಯಾಸೆಟ್‌ನಿಂದ ಹೊರಗೆಳೆದು, ಓರೆಯಾಗಿ ಕೂರಿಸಿದ ಉಕ್ಕಿನ ಬಣ್ಣದ ಡ್ರಮ್ಮಿಗೆ ಅರ್ಧ ಸುತ್ತಿಗಿಂತ ತುಸು ಹೆಚ್ಚು ಬಳಸುತ್ತದೆ. ನಮ್ಮ ದೇಶದ ಹಳೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಆ ಡ್ರಮ್ಮು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿರುವ, ಟೇಪಿನಿಂದ ಚಿತ್ರವನ್ನು ಓದುವ ಎರಡು ಹೆಡ್ಡುಗಳ ಸೀಳು ಕಣ್ಣಿಗೆ ಕಾಣದಷ್ಟು ಕಿರಿದು. ಬೂಷ್ಟಿನ ಒಂದು ಕಣ ಅಲ್ಲಿ ಸಿಕ್ಕಿಕೊಂಡರೆ ಚಿತ್ರ ಹೋಯಿತು. ಧ್ವನಿಯನ್ನು ಓದುವ ಹೆಡ್ಡು ಬೇರೆ ಕಡೆ ನಿಂತಲ್ಲೇ ನಿಂತಿರುವುದರಿಂದ ಅದು ಮಾತ್ರ ಉಳಿಯುತ್ತದೆ.

ಹೆಡ್ಡನ್ನು ಒರೆಸಲು ಹಿಂದೆ ಜನ ಹೊಸ ಹತ್ತು ರೂಪಾಯಿ ನೋಟನ್ನು ಬಳಸುತ್ತಿದ್ದರು. ನಾನು ಅದಕ್ಕಿಂತ ದಡ್ಡ ಕೆಲಸ ಮಾಡಿದೆ: ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಮೇಲಕ್ಕೂ ಕೆಳಕ್ಕೂ ಉಜ್ಜಿದೆ. ಹತ್ತಿಯ ಎಳೆ ಸಿಕ್ಕಿ ಒಂದು ಹೆಡ್ಡು ಮುರಿಯಿತು. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಇನ್ನೊಂದು ವಿಸಿಆರ್ ಸಿಗುವವರೆಗೆ ನಾಲ್ಕು ತಿಂಗಳು ಕಾಯಬೇಕಾಯಿತು. ಈಗ ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೂಲು ಬಿಡದ ಮೆತ್ತನೆಯ ಚರ್ಮದ ತುಂಡನ್ನು ಅದ್ದಿ, ಅದನ್ನು ಡ್ರಮ್ಮಿಗೆ ಹಗುರವಾಗಿ ತಾಗಿಸಿ ಅಲುಗಿಸದೆ ಹಿಡಿದು, ಡ್ರಮ್ಮನ್ನೇ ಬೆರಳಿನಿಂದ ನಿಧಾನವಾಗಿ ತಿರುಗಿಸುತ್ತೇನೆ. ಇಷ್ಟನ್ನೂ ಪ್ಲಗ್ ಕಿತ್ತ ಮೇಲೆಯೇ ಮಾಡುತ್ತೇನೆ.

ಆದರೆ ನಿಜವಾದ ಕೆಲಸ ಇರುವುದು ಯಂತ್ರದಲ್ಲಲ್ಲ, ಕ್ಯಾಸೆಟ್ಟಿನಲ್ಲಿ. ಕೈಗೆ ಬಂದ ಯಾವ ಕ್ಯಾಸೆಟ್ಟನ್ನೂ ನಾನು ನೇರವಾಗಿ ಹಾಕುವುದಿಲ್ಲ. ಮೊದಲು ಅದರ ಕಿಟಕಿಯ ಮೂಲಕ ಟಾರ್ಚ್ ಬಿಟ್ಟು, ಸುತ್ತಿಕೊಂಡ ಟೇಪಿನ ಅಂಚನ್ನು ನೋಡುತ್ತೇನೆ. ಅಂಚು ಒಂದೇ ಸಮನೆ ಕಪ್ಪಾಗಿ ಹೊಳೆದರೆ ಸರಿ. ಸುಣ್ಣದ ಪುಡಿ ಸಿಡಿದಂಥ ಬಿಳಿ ಕಲೆಗಳಿದ್ದರೆ ಬೂಷ್ಟು. ಅಂಥದ್ದನ್ನು ಬಿಸಿಲಿಗಿಟ್ಟರೆ ಹೊರಕವಚ ಸೊಟ್ಟಗಾಗುತ್ತದೆ. ಆದ್ದರಿಂದ ಗಾಳಿಯಾಡದ ಅಕ್ಕಿಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಚೀಲಗಳ ಜೊತೆ ಮೂರು ವಾರ ಮುಚ್ಚಿಡುತ್ತೇನೆ. ಒಣಗಿದ ಬೂಷ್ಟು ಅಂಟು ಬಿಟ್ಟು ಪುಡಿಯಾಗುತ್ತದೆ. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಕುಳಿತು, ಕೆಳಭಾಗದ ಐದು ತಿರುಪುಗಳನ್ನು ಬಿಚ್ಚಿ ಕವಚದ ಒಳಗನ್ನು ಒರೆಸುತ್ತೇನೆ. ಬಳಿಕ ಮತ್ತೆ ಜೋಡಿಸಿ, ರಿವೈಂಡ್ ಮಾಡಲೆಂದೇ ಆ ಕಾಲದಲ್ಲಿ ಮಾರುತ್ತಿದ್ದ ಚಿಕ್ಕ ಯಂತ್ರದಲ್ಲಿಟ್ಟು, ಮುಂದಿನ ರೆಪ್ಪೆಯನ್ನು ಎತ್ತಿ ಹಿಡಿದು, ಓಡುವ ಟೇಪಿನ ಎರಡೂ ಬದಿಗೆ ನಯವಾದ ಬಟ್ಟೆ ತಾಗುವಂತೆ ಇಡುತ್ತೇನೆ. ಮೂರು ಗಂಟೆಯ ಕ್ಯಾಸೆಟ್‌ನಲ್ಲಿ ಸುಮಾರು 258 ಮೀಟರ್ ಟೇಪ್ ಇರುತ್ತದೆ. ಎರಡು ಮೂರು ಸಲ ಹಿಂದೆ ಮುಂದೆ ಓಡಿಸಿದರೆ ಬಟ್ಟೆಗೆ ಬೂದುಬಣ್ಣ ಹತ್ತುವುದು ನಿಲ್ಲುತ್ತದೆ. ಹೀಗೆ ಒರೆಸಿದ ಕ್ಯಾಸೆಟ್ಟನ್ನು ಪೂರ್ತಿ ರಿವೈಂಡ್ ಮಾಡಿ, ಕಪಾಟಿನಲ್ಲಿ ಪುಸ್ತಕದಂತೆ ನಿಲ್ಲಿಸಿಯೇ ಇಡುತ್ತೇನೆ.

ಇಷ್ಟು ಪಾಡು ಪಟ್ಟು ನೋಡುವಂಥದ್ದು ಏನಿದೆ ಎಂದು ಮನೆಯವರು ಕೇಳುತ್ತಲೇ ಇರುತ್ತಾರೆ. ಚಿತ್ರದ ಅಂದಕ್ಕಾಗಿ ನೋಡುವುದಂತೂ ಅಲ್ಲ. ಅಡ್ಡಕ್ಕೆ ಸುಮಾರು 240 ಗೆರೆಗಳಷ್ಟೇ ಸ್ಪಷ್ಟತೆ, ಅದೂ ನಕಲಿನ ನಕಲಾದರೆ ಕೆಂಪು ಸೀರೆಯ ಬಣ್ಣ ಪಕ್ಕದ ಗೋಡೆಗೆ ಇಳಿದಿರುತ್ತದೆ. ನನಗೆ ಬೇಕಾದದ್ದು ಸಿನಿಮಾದ ಜೊತೆಗೆ ಅಂಟಿಕೊಂಡು ಬಂದ ಉಳಿದ ಸಂಗತಿಗಳು: ಪರದೆಯ ಮೂಲೆಯಲ್ಲಿ ಕದಲದೆ ಕುಳಿತ ವಿಡಿಯೋ ಕಂಪನಿಯ ಮುದ್ರೆ, ದುಃಖದ ದೃಶ್ಯದ ನಡುವೆಯೇ ಕೆಳಗೆ ಹರಿದುಹೋಗುವ ಬಟ್ಟೆ ಅಂಗಡಿಯ ಜಾಹೀರಾತು, ಯಾರೋ ಭಾನುವಾರ ದೂರದರ್ಶನದಿಂದ ಮುದ್ರಿಸಿಕೊಂಡ ಚಿತ್ರದ ಮಧ್ಯೆ ಬಂದ ವಾರ್ತೆ. ಅದೇ ಸಿನಿಮಾದ ಶುದ್ಧಗೊಳಿಸಿದ ಪ್ರತಿಯಲ್ಲಿ ಇವು ಯಾವುವೂ ಇರುವುದಿಲ್ಲ.

ಒಂದು ವಿಚಿತ್ರವನ್ನು ಮೊದಲು ಗುರುತಿಸಿದವರು ಸಂಗೀತ ಕಲಿತ ನನ್ನ ಅಮ್ಮ. ಕ್ಯಾಸೆಟ್‌ನಲ್ಲಿ ಹಾಡಿನ ಶ್ರುತಿ ಏರಿದೆ, ಮನೆಯಲ್ಲಿರುವ ಧ್ವನಿಮುದ್ರಿಕೆ ತಟ್ಟೆಯಲ್ಲಿ ಹೀಗಿಲ್ಲ ಎಂದು ಅವರು ಹಟ ಹಿಡಿದರು. ಕಾರಣ ಆಮೇಲೆ ತಿಳಿಯಿತು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ, ಪಾಲ್ ವಿಡಿಯೋ 25. ವರ್ಗಾಯಿಸುವಾಗ ಒಂದು ಚೌಕಟ್ಟಿಗೆ ಒಂದು ಎಂಬ ಲೆಕ್ಕದಲ್ಲಿ ಓಡಿಸಿದರೆ 150 ನಿಮಿಷದ ಚಿತ್ರ 144 ನಿಮಿಷಕ್ಕೇ ಮುಗಿದು, ಶ್ರುತಿ ಅರ್ಧ ಮನೆಗೆ, ಅಂದರೆ ಹಾರ್ಮೋನಿಯಂನ ಒಂದು ಬಿಳಿ ಕೀಲಿಗೂ ಅದರ ಪಕ್ಕದ ಕಪ್ಪು ಕೀಲಿಗೂ ಇರುವ ಅಂತರಕ್ಕೆ, ತುಸು ಕಡಿಮೆ ಏರುತ್ತದೆ. ಕತ್ತರಿಸಿದ ಪ್ರತಿ ಎಂದು ನಾನು ಬದಿಗಿಟ್ಟಿದ್ದ ಕೆಲವು ಕ್ಯಾಸೆಟ್‌ಗಳು ಪೂರ್ತಿ ಚಿತ್ರಗಳೇ ಎಂದು ಈ ಲೆಕ್ಕದಿಂದ ಗೊತ್ತಾಯಿತು.

ಅಮೆರಿಕದಲ್ಲಿರುವ ಅತ್ತೆಯ ಮಗ ಕಳುಹಿಸಿದ ನಾಲ್ಕು ಕನ್ನಡ ಚಿತ್ರಗಳ ಕತೆ ಬೇರೆ. ಅವು ಅಲ್ಲಿನ ಟಿವಿ ಪದ್ಧತಿಯಾದ ಎನ್‌ಟಿಎಸ್‌ಸಿಯವು. ಪಾಲ್ ಮಾತ್ರ ಬಲ್ಲ ಯಂತ್ರದಲ್ಲಿ ಚಿತ್ರ ಉರುಳುತ್ತಲೇ ಇತ್ತು. ಎರಡೂ ಪದ್ಧತಿ ಬಲ್ಲ ವಿಸಿಆರ್ ಹುಡುಕಿ ತಂದ ಮೇಲೆಯೇ ಅವನ್ನು ನೋಡಿದೆ.

ಹೊಸ ವಿಸಿಆರ್‌ಗಳ ತಯಾರಿಕೆ 2016ರಲ್ಲಿ ಜಪಾನಿನ ಫುನಾಯ್ ಕಂಪನಿಯೊಂದಿಗೆ ನಿಂತುಹೋಗಿದೆ. ಹಳೆಯವುಗಳ ರಬ್ಬರ್ ಬೆಲ್ಟುಗಳೂ ರೋಲರುಗಳೂ ಗಟ್ಟಿಯಾಗುತ್ತಿವೆ. ಆದ್ದರಿಂದ ಒರೆಸಿದ ಪ್ರತಿ ಕ್ಯಾಸೆಟ್ಟನ್ನೂ ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ, ಏಕೆಂದರೆ ಎರಡನೆಯ ಸಲ ಟೇಪ್ ಓಡುತ್ತದೆಂಬ ಭರವಸೆ ಇಲ್ಲ. ಆ ಪ್ರತಿಯಲ್ಲಿ ಪರದೆಯ ಕೆಳ ಅಂಚಿನಲ್ಲಿ ನಡುಗುವ ಗೆರೆಗಳನ್ನೂ ಕತ್ತರಿಸುವುದಿಲ್ಲ. ಅಮ್ಮನಿಗಾಗಿ ಮಾತ್ರ ವೇಗವನ್ನು 24ಕ್ಕೆ ಇಳಿಸಿದ ಇನ್ನೊಂದು ಪ್ರತಿ ಮಾಡುತ್ತೇನೆ. ಸದ್ಯ ಅಕ್ಕಿಡಬ್ಬಿಯಲ್ಲಿ ಹನ್ನೊಂದು ಕ್ಯಾಸೆಟ್‌ಗಳು ಒಣಗುತ್ತಿವೆ; ಮಳೆ ಹಿಡಿಯುವುದರೊಳಗೆ ಅವು ಮುಗಿಯಬೇಕು.