ಹ್ಯಾಚರಿಯಿಂದ ತಂದ ಮರಿ: ಹುಂಜ ಯಾವುದು, ಹೇಂಟೆ ಯಾವುದು?

ಸಕಲೇಶಪುರ, ಮೂಡಿಗೆರೆ ಕಡೆ ಹಿತ್ತಲಿಗೆ ಕೋಳಿಮರಿ ತರುವವರು ದುಡ್ಡು ಕೊಡುವ ಮೊದಲೇ ಒಂದು ಮಾತು ಕೇಳಿಕೊಳ್ಳಬೇಕು: ಇವು ರೆಕ್ಕೆ ನೋಡಿ ಗುರುತಿಸುವ ಮರಿಗಳೋ, ಬಣ್ಣ ನೋಡಿ ಗುರುತಿಸುವಂಥವೋ, ಗಂಡು ಹೆಣ್ಣು ಬೇರ್ಪಡಿಸದ ಮರಿಗಳೋ? ಇದು ಗೊತ್ತಿಲ್ಲದೆ ರೆಕ್ಕೆ ಬಿಡಿಸಿ ನೋಡಿ ಪ್ರಯೋಜನವಿಲ್ಲ.

ನಿಧಾನವಾಗಿ ಪುಕ್ಕ ಬರುವ ಹೇಂಟೆಗೆ ಬೇಗ ಪುಕ್ಕ ಬರುವ ಹುಂಜ ಕೂಡಿಸಿದಾಗ ಮಾತ್ರ ರೆಕ್ಕೆಯ ಗುರುತು ನಂಬಬಹುದು. ತಾಯಿಯ ಆ ನಿಧಾನದ ಗುಣ ಗಂಡುಮರಿಗಷ್ಟೇ ಇಳಿಯುತ್ತದೆ. ಮರಿ ಹೊರಬಂದ ಒಂದೆರಡು ದಿನದೊಳಗೆ, ಒಳ್ಳೆ ಬೆಳಕಿನಲ್ಲಿ ನೋಡಿ. ಅಂಗೈ ಬೆಚ್ಚಗಿರಲಿ. ಮರಿಯನ್ನು ಎಡಗೈಯಲ್ಲಿ ಹಗುರವಾಗಿ ಹಿಡಿದು ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿದರೆ ಗರಿಗಳ ಎರಡು ಸಾಲು ಕಾಣುತ್ತವೆ. ಕೆಳಸಾಲಿನ ಮುಖ್ಯ ಗರಿಗಳು ಮೇಲಿನ ಹೊದಿಕೆ ಗರಿಗಳಿಗಿಂತ ಸ್ಪಷ್ಟವಾಗಿ ಉದ್ದವಿದ್ದರೆ ಹೇಂಟೆ. ಎರಡೂ ಸಮ ಇದ್ದರೆ, ಇಲ್ಲವೇ ಹೊದಿಕೆ ಗರಿಯೇ ಉದ್ದವಿದ್ದರೆ ಹುಂಜ. ಮೂರು ದಿನ ಕಳೆದರೆ ಗರಿಗಳು ಬೆಳೆದು ಈ ವ್ಯತ್ಯಾಸ ಕಲಸಿಹೋಗುತ್ತದೆ.

ಕಂದು ಮೊಟ್ಟೆ ಇಡುವ ಎಷ್ಟೋ ಹೈಬ್ರಿಡ್ ತಳಿಗಳಲ್ಲಿ ಕೆಲಸ ಸುಲಭ: ಹೆಣ್ಣುಮರಿ ಕಂದು, ಗಂಡುಮರಿ ತಿಳಿಹಳದಿ.

ಗುದದ್ವಾರ ಒತ್ತಿ ನೋಡುವ ವಿಧಾನ 1920ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡದ್ದು. ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಪಳಗಿದ ಕೈ ಇಲ್ಲದಿದ್ದರೆ ಮರಿಯ ಹೊಟ್ಟೆಯೊಳಗೆ ಪೆಟ್ಟಾಗಿ ಅದು ಸಾಯಬಹುದು. ಚೂಪು ಮೊಟ್ಟೆಯಲ್ಲಿ ಗಂಡು, ದುಂಡು ಮೊಟ್ಟೆಯಲ್ಲಿ ಹೆಣ್ಣು ಎನ್ನುವ ಮಾತಿಗೂ ಆಧಾರವಿಲ್ಲ.

ನಾಟಿ ಮರಿಗಳಾದರೆ ಕಾಯಲೇಬೇಕು. ಮಳೆಗಾಲದ ಮಲೆನಾಡಿನ ಥಂಡಿಯಲ್ಲಿ ಗಳಿಗೆಗೊಮ್ಮೆ ಎತ್ತಿ ನೋಡಬೇಡಿ. ಮೊದಲ ವಾರ ಮರಿಗಳನ್ನು ಬೆಚ್ಚಗಿಡುವ ಗೂಡಾದ ಬ್ರೂಡರ್‌ನಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಲಿ, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸಿ. ನಾಲ್ಕರಿಂದ ಆರನೇ ವಾರದೊಳಗೆ ಹುಂಜಮರಿಯ ಜುಟ್ಟು ದಪ್ಪವಾಗಿ ಕೆಂಪೇರುತ್ತದೆ, ಗದ್ದದ ಕೆಳಗೆ ಜೋಲು ಮೂಡುತ್ತದೆ, ಕಾಲೂ ಗಟ್ಟಿಯಾಗುತ್ತದೆ. ಹೇಂಟೆಯ ಜುಟ್ಟು ಇನ್ನೂ ಚಿಕ್ಕದಾಗಿ, ಪೇಲವವಾಗಿಯೇ ಇರುತ್ತದೆ. ಅಸೀಲ್ ಬೆರೆತ ಮರಿಗಳಲ್ಲಿ ಮಾತ್ರ ಇದನ್ನೇ ನೆಚ್ಚಬೇಡಿ, ಆ ತಳಿಯ ಹುಂಜಕ್ಕೂ ಜುಟ್ಟು ಚಿಕ್ಕದೇ. ಅನುಮಾನದ ಮರಿಗಳ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕಿ, ಕಾಲು ದಪ್ಪವಾದಂತೆ ದೊಡ್ಡದಕ್ಕೆ ಬದಲಿಸಿ. ಇಲ್ಲದಿದ್ದರೆ ಅದು ಮಾಂಸಕ್ಕೆ ಇಳಿಯುತ್ತದೆ.

ಎಲ್ಲಕ್ಕಿಂತ ಗಟ್ಟಿ ಗುರುತು ಹತ್ತು ಹನ್ನೆರಡನೇ ವಾರದಲ್ಲಿ ಸಿಗುತ್ತದೆ. ಬಾಲದ ಬುಡದ ಮುಂದೆ, ಸೊಂಟದ ಮೇಲಿನ ಗರಿಯನ್ನು ಬೆರಳಿನಲ್ಲಿ ಎತ್ತಿ ತುದಿ ನೋಡಿ: ಹುಂಜದ್ದು ಉದ್ದ, ಚೂಪು, ಮಿರುಗು. ಹೇಂಟೆಯದ್ದು ದುಂಡು. ಬೇರ್ಪಡಿಸದ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ ಬರುತ್ತವೆ, ಆದ್ದರಿಂದ ಹತ್ತು ಹೇಂಟೆ ಬೇಕೆಂದರೆ ಇಪ್ಪತ್ತಕ್ಕಿಂತ ಕಡಿಮೆ ತರಬೇಡಿ.